ಬ್ಲಾಕ್ ಎತ್ತಬೇಕೋ, ಹೆಡ್ ಎತ್ತಬೇಕೋ?

ಯಮಹಾ ಆರ್‌ಎಕ್ಸ್ 100 ಭಾರತದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ ಮಾತ್ರ. ಆದರೆ ಹಳೇ ಟೂ ಸ್ಟ್ರೋಕ್ ಎಂಜಿನ್ನಿಗೆ ಇನ್ನಷ್ಟು ಕಸುವು ತುಂಬುವ ಹುಚ್ಚಿಗೆ ವಯಸ್ಸಾಗುವುದಿಲ್ಲ. ಅದಕ್ಕಿರುವ ದಾರಿಗಳಲ್ಲಿ ಮುಖ್ಯವಾದವು ಎರಡು: ಬೋರ್ ಹಿಗ್ಗಿಸುವುದು, ಇಲ್ಲವೇ ಸ್ಟ್ರೋಕ್ ಉದ್ದ ಮಾಡುವುದು. ಆರ್‌ಎಕ್ಸ್ 100ರಲ್ಲಿ ಬೋರ್ 50 ಮಿ.ಮೀ., ಸ್ಟ್ರೋಕ್ ಕೂಡ 50. ಒಟ್ಟು 98 ಸಿ.ಸಿ. ಆರ್‌ಎಕ್ಸ್ 135 ಮಾಡುವಾಗ ಕಂಪನಿ ಸ್ಟ್ರೋಕನ್ನು ಮುಟ್ಟದೆ ಬೋರನ್ನು 58ಕ್ಕೆ ಏರಿಸಿತು, 132 ಸಿ.ಸಿ. ಆಯಿತು. ಅಮೆರಿಕದಲ್ಲಿ ಯಮಹಾದ್ದೇ ಬ್ಯಾನ್ಶೀ ಎಂಬ ನಾಲ್ಕು ಚಕ್ರದ ಎಟಿವಿಯನ್ನು ಮರಳುದಿಬ್ಬ ಹತ್ತಿಸುವವರಲ್ಲಿ ಅನೇಕರು ಎರಡನೆಯ ದಾರಿಯನ್ನೂ ಹಿಡಿದರು. ಅದರ ಸ್ಟ್ರೋಕ್ 54ರಿಂದ 58ಕ್ಕೆ ಏರಿದರೆ 347 ಸಿ.ಸಿ. ಇದ್ದದ್ದು 373 ಆಗುತ್ತದೆ.

ಸ್ಟ್ರೋಕ್ 4 ಮಿ.ಮೀ. ಹೆಚ್ಚಬೇಕಾದರೆ ಕ್ರ್ಯಾಂಕ್ ಪಿನ್ 2 ಮಿ.ಮೀ. ಹೊರಕ್ಕೆ ಸರಿಯಬೇಕು. ಆಗ ಪಿಸ್ಟನ್ ಮೊದಲಿಗಿಂತ 2 ಮಿ.ಮೀ. ಮೇಲೇರುತ್ತದೆ, ಅಷ್ಟೇ ಕೆಳಗಿಳಿಯುತ್ತದೆ. ಹಾಗೇ ಬಿಟ್ಟರೆ ಹೆಡ್ಡಿಗೆ ಬಡಿಯುತ್ತದೆ. ಆ 2 ಮಿ.ಮೀ. ಜಾಗವನ್ನು ಎಲ್ಲಿ ಹುಡುಕುತ್ತೀರಿ ಎಂಬುದರ ಮೇಲೆ ಎಂಜಿನ್ನಿನ ಸ್ವಭಾವ ನಿಂತಿದೆ.

ಈ ಟೂ ಸ್ಟ್ರೋಕ್ ಎಂಜಿನ್ನುಗಳ ಹೆಡ್ಡಿನಲ್ಲಿ ವಾಲ್ವ್ ಇಲ್ಲ. ಹೊಗೆ ಹೊರಹೋಗುವ ಕಂಡಿಯನ್ನೂ ಹೊಸ ಗಾಳಿ-ಪೆಟ್ರೋಲ್ ಪಿಸ್ಟನ್ನಿನ ಮೇಲಕ್ಕೆ ಬರುವ ಕಂಡಿಯನ್ನೂ ತೆರೆದು ಮುಚ್ಚುವುದು ಪಿಸ್ಟನ್ನೇ. ಲೆಕ್ಕ ಸುಲಭವಾಗಲೆಂದು ಕನೆಕ್ಟಿಂಗ್ ರಾಡಿನ ಓರೆಯನ್ನು ಬಿಟ್ಟು, 50 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಗೆಯ ಕಂಡಿಯ ಮೇಲಂಚು ಸರಿಯಾಗಿ ಅರ್ಧ ದಾರಿಯಲ್ಲಿದೆ ಎಂದುಕೊಳ್ಳಿ. ಆಗ ಕ್ರ್ಯಾಂಕಿನ ಒಂದು ಸುತ್ತಿನಲ್ಲಿ ಅದು 180 ಡಿಗ್ರಿ ತೆರೆದಿರುತ್ತದೆ. ಸ್ಟ್ರೋಕ್ 54 ಮಾಡಿ, ಬ್ಲಾಕಿನ ಅಡಿಗೆ 2 ಮಿ.ಮೀ. ಪ್ಲೇಟ್ ಇಟ್ಟರೆ ಅದು ಸುಮಾರು 188 ಡಿಗ್ರಿಗೆ ಏರುತ್ತದೆ. ಬ್ಲಾಕನ್ನು ಇದ್ದಲ್ಲೇ ಬಿಟ್ಟು, ಹೆಡ್ಡಿನ ಕೆಳಗೆ ಅಷ್ಟೇ ದಪ್ಪದ ಪ್ಲೇಟ್ ಹಾಕಿದರೆ 180 ಹಾಗೇ ಉಳಿಯುತ್ತದೆ.

ಕಂಡಿ ಹೆಚ್ಚು ಹೊತ್ತು ತೆರೆದಿದ್ದರೆ ವೇಗದ ಸುತ್ತಿನಲ್ಲಿ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ನಿಧಾನದಲ್ಲಿ ಮಾತ್ರ ಹೊಸ ಮಿಶ್ರಣವೂ ಸೈಲೆನ್ಸರ್ ದಾರಿ ಹಿಡಿದು ಎಳೆತ ಕುಗ್ಗುತ್ತದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಬ್ಲಾಕ್ ಎತ್ತಿದ್ದು ಸಹ್ಯವಾದೀತು. ಹೊಳಲ್ಕೆರೆ, ಹೊಸದುರ್ಗದ ಅಡಿಕೆ-ತೆಂಗಿನ ತೋಟಗಳ ಮೆತ್ತನೆ ಮಣ್ಣಿನಲ್ಲಿ, ಜೋಗಿಮಟ್ಟಿಯಂಥ ಏರಿನಲ್ಲಿ ಬೇಕಾದದ್ದು ಕೆಳಗಿನ ಗೇರಿನ ಎಳೆತ. ಅಲ್ಲಿಗೆ ಹೆಡ್ ಎತ್ತುವುದೇ ಸರಿ. ಎಟಿವಿಗೂ ಬಹುತೇಕ ಇದೇ ಮಾತು. ಹೆಡ್ ಎತ್ತುವವರು ಪಿಸ್ಟನ್ನಿನ ಮೇಲಿನ ರಿಂಗ್ ಬ್ಲಾಕಿನ ಅಂಚು ದಾಟುವುದಿಲ್ಲವೆಂದು ಅಳೆದು ನೋಡಬೇಕು; ದಾಟಿದರೆ ರಿಂಗ್ ಮುರಿಯುತ್ತದೆ.

ಯಾವ ದಾರಿಗಾದರೂ ಸುಂಕವಿದೆ. ಸ್ಟ್ರೋಕ್ 50ರಿಂದ 54 ಆದರೆ, ನಿಮಿಷಕ್ಕೆ 7500 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರಿನಿಂದ 13.5ಕ್ಕೆ ಏರುತ್ತದೆ, ಸವೆತವೂ ಏರುತ್ತದೆ. ಹೆಡ್ಡಿನ ಗುಳಿ ಮೊದಲಿನಷ್ಟೇ ಇದ್ದರೆ ಕಂಪ್ರೆಷನ್ ಹೆಚ್ಚಿ ಎಂಜಿನ್ ಕುಟ್ಟತೊಡಗಬಹುದು. ಕಾರ್ಬ್ಯುರೇಟರಿನ ಜೆಟ್ಟನ್ನು ಹೊಸದಾಗಿ ಹೊಂದಿಸದೆ ಮಿಶ್ರಣ ತೆಳುವಾದರೆ ಪಿಸ್ಟನ್ ಕಾದು ಸೀಜ್ ಆಗುತ್ತದೆ.

ಇನ್ನೊಂದು ಅಳತೆ ಆರ್‌ಸಿ ಪುಸ್ತಕದಲ್ಲಿದೆ. ಅಲ್ಲಿ ಬರೆದ ಸಿ.ಸಿ. ಬದಲಾಗುವಂತೆ ರಸ್ತೆಯ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ. ಆದ್ದರಿಂದ ಕ್ರ್ಯಾಂಕ್ ಬಿಚ್ಚುವ ಮೊದಲು ಹಿಂದಿನ ಸ್ಪ್ರಾಕೆಟ್ಟಿಗೆ ಒಂದೆರಡು ಹಲ್ಲು ಹೆಚ್ಚಿಸಿ ನೋಡಿ. ತೋಟದ ಏರಿಗೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.