ಹೊಸ ಊರಲ್ಲಿ ಮಕ್ಕಳಿಗೆ ಕುಂಗ್ ಫೂ ಕ್ಲಾಸ್ ಹುಡುಕುತ್ತಿದ್ದೀರಾ? ಫೀಸ್ ಕಟ್ಟುವ ಮುನ್ನ ಇವನ್ನು ಗಮನಿಸಿ

ಮುಂಬೈ: ಕೆಲಸದ ಮೇಲೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಿಂದ ಮುಂಬೈನ ಪವಾಯಿಗೆ ಬರುವ ಕುಟುಂಬಗಳು ಮೊದಲು ಹುಡುಕುವುದು ಬಾಡಿಗೆ ಮನೆ, ಆಮೇಲೆ ಶಾಲೆ. ಈ ಎರಡೂ ಮುಗಿಯುವಷ್ಟರಲ್ಲಿ ಮಗುವಿನಿಂದ ಮತ್ತೊಂದು ಪ್ರಶ್ನೆ ಬರುತ್ತದೆ. 'ನನ್ನ ಕುಂಗ್ ಫೂ ಕ್ಲಾಸ್ ಎಲ್ಲಿ?'

ಊರಿನಲ್ಲಾದರೆ ಮಾಸ್ಟರ್ ಯಾರು, ಹೇಗೆ ಎಂದು ಅಕ್ಕಪಕ್ಕದವರನ್ನು ಕೇಳಿದರೆ ಸಾಕಿತ್ತು. ಹೊಸ ಊರಿನಲ್ಲಿ ಕಣ್ಣಿಗೆ ಬೀಳುವುದು ಬೋರ್ಡು, ಬಣ್ಣದ ಬೆಲ್ಟು, ಗೋಡೆಯ ಮೇಲಿನ ಸರ್ಟಿಫಿಕೇಟ್ ಮಾತ್ರ. ಇವುಗಳನ್ನಷ್ಟೇ ನಂಬಿ ಒಂದು ವರ್ಷದ ಫೀಸ್ ಕಟ್ಟಿದರೆ ಹಣದ ಜೊತೆಗೆ ಮಗುವಿನ ಸುರಕ್ಷತೆಯೂ ಪಣಕ್ಕೆ ಬೀಳುತ್ತದೆ. ಹಾಗಾದರೆ ಒಳ್ಳೆಯ ಕ್ಲಾಸ್ ಗುರುತಿಸುವುದು ಹೇಗೆ? ಇಲ್ಲಿದೆ ಮಾಹಿತಿ.

ಬೋರ್ಡಿನಲ್ಲಿ ಕುಂಗ್ ಫೂ, ಒಳಗೆ ಏನು?

ಕುಂಗ್ ಫೂ ಎಂಬುದು ಒಂದೇ ವಿದ್ಯೆಯಲ್ಲ. ಚೀನಾದ ಹತ್ತಾರು ಸಮರ ಕಲೆಗಳಿಗೆ ಇರುವ ಸಾಮಾನ್ಯ ಹೆಸರು ಅದು. ಶಾವೊಲಿನ್ ಶೈಲಿಯಲ್ಲಿ ಜಿಗಿತ, ಒದೆತ, ದೇಹ ಬಳುಕಿಸುವ ಅಭ್ಯಾಸ ಹೆಚ್ಚು. ವಿಂಗ್ ಚುನ್‌ನಲ್ಲಿ ಹತ್ತಿರದಿಂದ ಕೈ ಬಳಸಿ ತಡೆಯುವ, ಹೊಡೆಯುವ ಪಾಠ ಇರುತ್ತದೆ. ನಿಧಾನ ಚಲನೆಯ ತಾಯ್ ಚಿಯನ್ನು ಹಿರಿಯರೂ ಕಲಿಯಬಹುದು.

ಸ್ಪರ್ಧೆಗಾಗಿ ರೂಪುಗೊಂಡ ಆಧುನಿಕ ರೂಪದ ಹೆಸರು ವುಶು. ಇದರಲ್ಲಿ ಎರಡು ವಿಭಾಗಗಳಿವೆ. 'ತಾವೊಲು' ವಿಭಾಗದಲ್ಲಿ ಚಲನೆಗಳ ಪ್ರದರ್ಶನಕ್ಕೆ ಅಂಕ ಸಿಗುತ್ತದೆ. 'ಸಾಂಡಾ' ಎದುರಾಳಿಯೊಂದಿಗೆ ನಡೆಯುವ ನೇರ ಕಾದಾಟ. 1990ರ ಬೀಜಿಂಗ್ ಕ್ರೀಡಾಕೂಟದಿಂದ ವುಶು ಏಷ್ಯನ್ ಗೇಮ್ಸ್‌ನಲ್ಲಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನ ಮಹಿಳೆಯರ 60 ಕೆಜಿ ಸಾಂಡಾದಲ್ಲಿ ಮಣಿಪುರದ ರೋಶಿಬಿನಾ ದೇವಿ ಭಾರತಕ್ಕೆ ಬೆಳ್ಳಿ ತಂದಿದ್ದರು.

ಬೋರ್ಡಿನಲ್ಲಿ ಕುಂಗ್ ಫೂ ಎಂದಿದ್ದರೂ ಒಳಗೆ ಕರಾಟೆ, ಕಿಕ್ ಬಾಕ್ಸಿಂಗ್ ಬೆರೆಸಿ ಕಲಿಸುವ ಕ್ಲಾಸ್‌ಗಳೂ ಇವೆ. ಅದೇ ತಪ್ಪು ಎನ್ನಲಾಗದು. ಆದರೆ ಏನು ಕಲಿಸುತ್ತೇವೆ ಎಂಬುದನ್ನು ಮಾಸ್ಟರ್ ಮುಚ್ಚುಮರೆಯಿಲ್ಲದೆ ಹೇಳಬೇಕು. 'ಯಾವ ಶೈಲಿ? ನೀವು ಯಾರ ಬಳಿ, ಎಷ್ಟು ವರ್ಷ ಕಲಿತಿರಿ?' ಎಂದು ಕೇಳಿ. ಚೆನ್ನಾಗಿ ಕಲಿತವರು ಗುರುಗಳ ಹೆಸರು ಹೇಳಲು ಹಿಂಜರಿಯುವುದಿಲ್ಲ.

ಹಳೆಯ ಬೆಲ್ಟ್ ಇಲ್ಲಿ ನಡೆಯುತ್ತಾ?

ಊರು ಬದಲಿಸಿದ ಮಕ್ಕಳಿಗೆ ಹೆಚ್ಚು ನೋವು ಕೊಡುವ ವಿಷಯ ಇದು. ಮೂರು ವರ್ಷ ಬೆವರು ಸುರಿಸಿ ಪಡೆದ ಬೆಲ್ಟ್ ಬಿಚ್ಚಿಟ್ಟು ಮತ್ತೆ ಬಿಳಿ ಬೆಲ್ಟ್ ಕಟ್ಟು ಎಂದರೆ ಮಗು ಕ್ಲಾಸೇ ಬೇಡ ಎನ್ನಬಹುದು.

ಬೆಲ್ಟ್ ಪದ್ಧತಿ ಮೂಲತಃ ಕುಂಗ್ ಫೂನದಲ್ಲ. ಅದು ಜಪಾನಿನ ಜೂಡೋದಲ್ಲಿ ಶುರುವಾಗಿ ಕರಾಟೆಗೆ ಬಂತು. ಕುಂಗ್ ಫೂ ಶಾಲೆಗಳು ಬಣ್ಣದ ಪಟ್ಟಿಯನ್ನು ಅಳವಡಿಸಿಕೊಂಡದ್ದು ಬಹಳ ತಡವಾಗಿ. ಹಾಗಾಗಿ ಒಂದು ಶಾಲೆಯ ಬೆಲ್ಟನ್ನು ಇನ್ನೊಂದು ಶಾಲೆ ಒಪ್ಪಲೇಬೇಕು ಎಂಬ ನಿಯಮವಿಲ್ಲ. ಇದನ್ನು ಮಗುವಿಗೆ ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು.

ಹೊಸ ಮಾಸ್ಟರ್ ಏನು ಮಾಡುತ್ತಾರೆ ಎಂಬುದನ್ನೂ ಗಮನಿಸಿ. 'ಗೊತ್ತಿರುವುದನ್ನು ಮಾಡಿ ತೋರಿಸು' ಎಂದು ನೋಡಿ, ಮಟ್ಟ ತಿಳಿದು ಜಾಗ ಕೊಡುವವರು ಸಿಕ್ಕರೆ ಒಳ್ಳೆಯದು. ಹಿಂದಿನ ಕ್ಲಾಸನ್ನು ಹೀಯಾಳಿಸುವವರಿಂದ ದೂರವಿರಿ. ಇಷ್ಟು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಎನ್ನುವವರಿಂದಲೂ ದೂರವಿರಿ.

ಒಂದು ಗಂಟೆ ಕೂತು ನೋಡಿ

ಕ್ಲಾಸ್ ಹೇಗಿದೆ ಎಂದು ತಿಳಿಯಲು ಸುಲಭ ದಾರಿ ಸುಮ್ಮನೆ ಕೂತು ಒಂದು ಪೂರ್ತಿ ಪಾಠ ನೋಡುವುದು. ಡೆಮೊ ದಿನ ಎಲ್ಲವೂ ಚೆಂದವೇ ಇರುತ್ತದೆ. ಹಾಗಾಗಿ ಮಾಮೂಲಿ ದಿನ ಹೋಗಿ.

* ವಾರ್ಮ್ ಅಪ್ ಮಾಡಿಸದೆ ನೇರವಾಗಿ ಒದೆತ, ಜಿಗಿತ ಶುರು ಮಾಡುತ್ತಾರೆಯೇ?
* ಪಾಠ ಕಲಿಸುವುದು ಮಾಸ್ಟರೋ, ದೊಡ್ಡ ವಿದ್ಯಾರ್ಥಿಗಳೋ?
* ಸ್ಪಾರಿಂಗ್ ವೇಳೆ ವಯಸ್ಸು, ತೂಕ ನೋಡಿ ಜೋಡಿ ಮಾಡುತ್ತಾರೆಯೇ? ಹೆಲ್ಮೆಟ್, ಮೌತ್ ಗಾರ್ಡ್, ಶಿನ್ ಗಾರ್ಡ್ ಕಡ್ಡಾಯವೇ?
* ತಪ್ಪು ಮಾಡಿದ ಮಗುವನ್ನು ತಿದ್ದುತ್ತಾರೋ, ಎಲ್ಲರೆದುರು ಅವಮಾನ ಮಾಡುತ್ತಾರೋ?
* ನೆಲಕ್ಕೆ ಮ್ಯಾಟ್ ಇದೆಯೇ? ಫಸ್ಟ್ ಏಡ್ ಬಾಕ್ಸ್ ಎಲ್ಲಿದೆ?

ತಲೆಗೆ ಪೆಟ್ಟು ಬಿದ್ದ ಮಗುವನ್ನು ಅದೇ ದಿನ ಮತ್ತೆ ಆಡಿಸಬಾರದು. ತಲೆ ಸುತ್ತು, ವಾಂತಿ, ಮಂಪರು ಕಂಡರೆ ತಕ್ಷಣ ವೈದ್ಯರ ಬಳಿ ಕರೆದೊಯ್ಯಬೇಕು. 'ಇದೆಲ್ಲ ಮಾಮೂಲಿ, ಗಟ್ಟಿಯಾಗ್ತಾನೆ ಬಿಡಿ' ಎನ್ನುವ ಮಾಸ್ಟರ್‌ಗೆ ಮಕ್ಕಳನ್ನು ಒಪ್ಪಿಸುವುದು ಅಪಾಯ.

ಭಾಷೆಯೂ ಮುಖ್ಯ. ಮುಂಬೈನ ಕ್ಲಾಸ್‌ಗಳಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಬೆರೆತ ಮಾತು ಸಾಮಾನ್ಯ. ಕನ್ನಡವಷ್ಟೇ ಬಲ್ಲ ಪುಟ್ಟ ಮಗುವಿಗೆ 'ರುಕೋ' ಎಂದಾಗ ನಿಲ್ಲಬೇಕು ಎಂಬುದಾದರೂ ಮೊದಲ ದಿನವೇ ಗೊತ್ತಿರಬೇಕು.

ಕಾನೂನು ಏನು ಹೇಳುತ್ತೆ?

ಇದನ್ನು ಬಹಳಷ್ಟು ಪೋಷಕರು ಕೇಳುವುದೇ ಇಲ್ಲ. 2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳ ಜೊತೆ ನಿತ್ಯ ಸಂಪರ್ಕದಲ್ಲಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಮಾಡಿಸಬೇಕು. ಶಾಲೆಗಳ ಜೊತೆ ಕ್ರೀಡಾ ಅಕಾಡೆಮಿಗಳ ಹೆಸರೂ ಈ ನಿಯಮದಲ್ಲಿದೆ. ಕಾಯಂ ನೌಕರರಷ್ಟೇ ಅಲ್ಲ, ಗುತ್ತಿಗೆಯವರಿಗೂ ಇದು ಅನ್ವಯ. ಆದ್ದರಿಂದ 'ವೆರಿಫಿಕೇಷನ್ ಆಗಿದೆಯಾ?' ಎಂದು ಕೇಳಲು ಸಂಕೋಚ ಬೇಡ. ಅದು ಅನುಮಾನದ ಮಾತಲ್ಲ, ನಿಯಮದಲ್ಲೇ ಇರುವ ವಿಷಯ.

ಸಮರ ಕಲೆಯಲ್ಲಿ ಗುರುವಿನ ಮಾತಿಗೆ ತೂಕ ಹೆಚ್ಚು. ಮೈ ಮುಟ್ಟಿ ತಿದ್ದುವುದೂ ಪಾಠದ ಭಾಗ. ಅದಕ್ಕಾಗಿಯೇ ಪೋಷಕರು ಯಾವಾಗ ಬೇಕಾದರೂ ಬಂದು ನೋಡುವ ಅವಕಾಶ ಇರಬೇಕು. 'ಪೋಷಕರಿಗೆ ಒಳಗೆ ಪ್ರವೇಶವಿಲ್ಲ' ಎಂಬ ಕ್ಲಾಸ್ ಬೇಡವೇ ಬೇಡ. ಮಕ್ಕಳಿಗೆ ತೊಂದರೆಯಾದರೆ 1098 ಸಹಾಯವಾಣಿಗೆ ಕರೆ ಮಾಡಬಹುದು.

ದೂರ, ಮಳೆ, ಫೀಸ್

ಪವಾಯಿಯವರಿಗೆ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆದರೆ ಪ್ರಯೋಜನವಿಲ್ಲ. ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡ್‌ನ ಸಂಜೆಯ ಟ್ರಾಫಿಕ್‌ನಲ್ಲಿ ಹತ್ತಿರದ ಅಂಧೇರಿಯೂ ದೂರವೇ. ಹೆಸರಾಂತ ಮಾಸ್ಟರ್ ಎಂದು ದೂರದ ಕ್ಲಾಸ್‌ಗೆ ಸೇರಿಸಿ ತಿಂಗಳಿಗೆ ನಾಲ್ಕು ದಿನ ಹೋಗುವುದಕ್ಕಿಂತ ಮನೆ ಹತ್ತಿರದ ಒಳ್ಳೆಯ ಕ್ಲಾಸ್‌ಗೆ ವಾರಕ್ಕೆ ಮೂರು ದಿನ ಹೋಗುವುದೇ ಲಾಭ. ಸೇರುವ ಮುನ್ನ ಕ್ಲಾಸ್ ಇರುವ ಹೊತ್ತಿಗೇ ಒಮ್ಮೆ ಹೋಗಿ ಬಂದು ನೋಡಿ.

ಗಾರ್ಡನ್ ಅಥವಾ ಮೈದಾನದಲ್ಲಿ ನಡೆಯುವ ಕ್ಲಾಸ್ ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಎಲ್ಲಿ ನಡೆಸುತ್ತಾರೆ, ತಪ್ಪಿದ ಪಾಠಕ್ಕೆ ಏನು ಮಾಡುತ್ತಾರೆ ಎಂದು ಕೇಳಿಕೊಳ್ಳಿ.

ತಿಂಗಳ ಫೀಸ್ ಕಡಿಮೆ ಎನಿಸಿದರೂ ಯೂನಿಫಾರ್ಮ್, ಬೆಲ್ಟ್ ಪರೀಕ್ಷೆ, ಟೂರ್ನಮೆಂಟ್, ಕ್ಯಾಂಪ್ ಎಂದು ಖರ್ಚು ಬೆಳೆಯುತ್ತದೆ. ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ಮೊದಲು ಒಂದು ತಿಂಗಳಿಗಷ್ಟೇ ಕಟ್ಟಿ, ರಸೀದಿ ಪಡೆಯಿರಿ. ಹಣದ ವಿಷಯದಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಕೊನೆಯ ಮಾತು ಮಗುವಿನದು

ಒಂದು ತಿಂಗಳ ಬಳಿಕ ಮಗುವನ್ನೇ ಕೇಳಿ. ಮೈಕೈ ನೋವು ಎಂದರೆ ಚಿಂತೆಯಿಲ್ಲ, ಅದು ಅಭ್ಯಾಸದಿಂದ ಬಂದದ್ದು ಇರಬಹುದು. ಆದರೆ ಕ್ಲಾಸ್ ದಿನ ಬಂದರೆ ಹೊಟ್ಟೆನೋವು ಶುರುವಾಗುತ್ತಿದ್ದರೆ, ಅಲ್ಲಿ ನಡೆದದ್ದನ್ನು ಹೇಳಲು ಮಗು ಹೆದರುತ್ತಿದ್ದರೆ ತಡಮಾಡದೆ ಕಾರಣ ತಿಳಿದುಕೊಳ್ಳಿ. ಚೀನೀ ಭಾಷೆಯಲ್ಲಿ ಕುಂಗ್ ಫೂ ಎಂದರೆ ಬಹುಕಾಲದ ಶ್ರಮದಿಂದ ದಕ್ಕುವ ಕೌಶಲ ಎಂಬ ಅರ್ಥವೂ ಇದೆ. ಬಹುಕಾಲ ಕಲಿಯಬೇಕಾದರೆ ಮಗು ಖುಷಿಯಿಂದ ಹೋಗುವಂಥ ಜಾಗ ಅದಾಗಿರಬೇಕು.