ಹಿಂದಿನ ಗಾಲಿಯ ಬ್ರೇಕು: ಡ್ರಮ್ಮು ಏಕೆ ಕೂರುವುದಿಲ್ಲ?

ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,478 ಮೀಟರ್ ಎತ್ತರದಲ್ಲಿದೆ. ಅದರ ಸಮೀಪದ ಚಿಕ್ಕಬಳ್ಳಾಪುರ ಪಟ್ಟಣ ಸುಮಾರು 915 ಮೀಟರ್ ಎತ್ತರದಲ್ಲಿದೆ. 900 ಕಿಲೋಗ್ರಾಂ ತೂಕದ ಕಾರೊಂದು ಈ ಬೆಟ್ಟದಿಂದ 500 ಮೀಟರ್‌ನಷ್ಟು ಕೆಳಗಿಳಿಯಿತೆಂದು ಭಾವಿಸೋಣ. ಅದು ಕಳೆದುಕೊಳ್ಳುವ ಶಕ್ತಿ ಸುಮಾರು 44 ಲಕ್ಷ ಜೂಲ್. 14 ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಇಷ್ಟು ಶಕ್ತಿ ಸಾಕು. ಕೆಳಗಿನ ಗೇರಿನಲ್ಲಿರುವ ಎಂಜಿನ್ನೂ ಗಾಳಿಯ ತಡೆಯೂ ಇದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಉಳಿದುದು ಬಹುಮಟ್ಟಿಗೆ ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಇಂಥ ಹೊರೆಯನ್ನು ಹೊರಬೇಕಾದ ಬ್ರೇಕನ್ನು ಜೋಡಿಸುವಾಗ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಗಳನ್ನೂ ನಾವು ಅಲಕ್ಷಿಸುವಂತಿಲ್ಲ.

ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡನ್ನೂ ಚಿಂತಾಮಣಿಯ ಪೇಟೆಗೆ ಟೊಮ್ಯಾಟೊವನ್ನೂ ತರುವ ಸಣ್ಣ ವಾಹನಗಳಲ್ಲಿ, ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರದ ಮೂಲಕ ಬೆಂಗಳೂರಿಗೆ ಹೋಗಿಬರುವ ಕಾರುಗಳಲ್ಲಿ, ಅನೇಕಕ್ಕೆ ಹಿಂದಿನ ಗಾಲಿಗಳಲ್ಲಿ ಡ್ರಮ್ ಬ್ರೇಕೇ ಇರುತ್ತದೆ. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಬಳಕೆಗೆ ತಂದ ಈ ವ್ಯವಸ್ಥೆ ಇಂದಿಗೂ ಉಳಿದಿರುವುದಕ್ಕೆ ಕಾರಣವುಂಟು. ಬ್ರೇಕು ಹಿಡಿದಾಗ ವಾಹನದ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಗಾಲಿಗಳ ಪಾಲಿನ ಕೆಲಸ ಕಡಿಮೆಯಾಗುತ್ತದೆ. ಅಲ್ಲದೆ ಹ್ಯಾಂಡ್‌ಬ್ರೇಕನ್ನು ಡ್ರಮ್ಮಿನೊಳಗೆ ಸೇರಿಸುವುದು ಸುಲಭ, ಖರ್ಚೂ ಕಡಿಮೆ.

ಇದರ ರಚನೆ ಸರಳವಾದುದು. ಗಾಲಿಯೊಡನೆ ತಿರುಗುವ ಎರಕದ ಕಬ್ಬಿಣದ ಬೋಗುಣಿಯೇ ಡ್ರಮ್ಮು. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳು ತಿರುಗದೆ ನಿಂತಿರುತ್ತವೆ. ಪೆಡಲನ್ನು ತುಳಿದಾಗ ಸಿಲಿಂಡರಿನ ಪಿಸ್ಟನ್ನುಗಳು ಷೂಗಳನ್ನು ಹೊರಕ್ಕೆ ತಳ್ಳುತ್ತವೆ. ಕಾಲು ತೆಗೆದಾಗ ಸ್ಪ್ರಿಂಗುಗಳು ಅವನ್ನು ಒಳಕ್ಕೆ ಸೆಳೆಯುತ್ತವೆ. ಸವೆದ ಷೂಗಳನ್ನು ತೆಗೆದು ಹೊಸವನ್ನು ಹಾಕಿದ ಮೇಲೆ ಎಷ್ಟೋ ವೇಳೆ ಡ್ರಮ್ಮು ಅವುಗಳ ಮೇಲೆ ಕೂರುವುದೇ ಇಲ್ಲ. ಆಗ ಸುತ್ತಿಗೆ ಎತ್ತುವುದು ಸಹಜ. ಆದರೆ ಅದು ತಪ್ಪು. ಷೂಗಳು ಪೂರ್ತಿ ಒಳಕ್ಕೆ ಬಾರದಂತೆ ಯಾವುದೋ ಒಂದು ತಡೆದಿದೆಯೆಂದೇ ಇದರ ಅರ್ಥ. ಆ ತಡೆಯನ್ನು ಕ್ರಮವಾಗಿ ಹುಡುಕಬೇಕು.

ಮೊದಲು ನೋಡಬೇಕಾದುದು ಅಡ್ಜಸ್ಟರನ್ನು. ಹಳೆಯ ಷೂ ಸವೆದಂತೆಲ್ಲ ಈ ಹಲ್ಲಿನ ತಿರುಪು ತಾನೇ ಉದ್ದವಾಗುತ್ತ ಬಂದಿರುತ್ತದೆ. ಪೂರ್ಣ ದಪ್ಪದ ಹೊಸ ಷೂಗೆ ಆ ಉದ್ದ ಹೆಚ್ಚಾಗುವುದರಿಂದ ಅದನ್ನು ಹಿಂದಕ್ಕೆ ತಿರುಗಿಸಿ ಗಿಡ್ಡ ಮಾಡಬೇಕು. ಎಡಗಾಲಿಯ ಅಡ್ಜಸ್ಟರನ್ನು ಬಲಕ್ಕೆ ಹಾಕಬಾರದು. ಎಷ್ಟೋ ವಾಹನಗಳಲ್ಲಿ ಅವುಗಳ ತಿರುಪಿನ ದಿಕ್ಕೇ ಬೇರೆ.

ಎರಡನೆಯದು ಹ್ಯಾಂಡ್‌ಬ್ರೇಕು. ಅದರ ಸನ್ನೆ ಒಂದು ಷೂಗೆ ಕೂಡಿಕೊಂಡಿರುತ್ತದೆ. ಕೇಬಲ್ಲು ಬಿಗಿಯಾಗಿದ್ದರೆ, ಅಥವಾ ಕೆಸರುನೀರಿನಿಂದ ತುಕ್ಕು ಹಿಡಿದು ಕವಚದೊಳಗೆ ಸರಿಯದಿದ್ದರೆ, ಸನ್ನೆ ತನ್ನ ನೆಲೆಗೆ ಮರಳದೆ ಷೂಗಳನ್ನು ಅಗಲಿಸಿಯೇ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಬಿಟ್ಟಿರಬೇಕು. ಆದುದರಿಂದಲೇ ಮುಂದಿನ ಗಾಲಿಗಳಿಗೆ ಅಡ್ಡಗಟ್ಟೆಯನ್ನೂ ಎತ್ತಿದ ವಾಹನದ ಕೆಳಗೆ ಭದ್ರವಾದ ಆಸರೆಯನ್ನೂ ಮೊದಲೇ ಕೊಟ್ಟಿರುವುದು ಅವಶ್ಯ. ಜಾಕಿಯೊಂದನ್ನೇ ನಂಬಬಾರದು.

ಮೂರನೆಯದಾಗಿ, ಷೂಗಳ ತುದಿಗಳು ಪಿಸ್ಟನ್ನಿನ ಸೀಳಿನಲ್ಲೂ ಕೆಳಗಿನ ಆಧಾರದಲ್ಲೂ ಸರಿಯಾಗಿ ಕುಳಿತಿವೆಯೇ, ಎರಡು ಷೂಗಳು ಅದಲುಬದಲಾಗಿಲ್ಲವೇ ಎಂದು ನೋಡಬೇಕು. ಒಂದು ಬದಿಯ ಕೆಲಸ ಮುಗಿಯುವ ತನಕ ಇನ್ನೊಂದು ಬದಿಯನ್ನು ಬಿಚ್ಚದಿದ್ದರೆ ಅದೇ ನಮಗೆ ಮಾದರಿಯಾಗುತ್ತದೆ. ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಓದಿಕೊಂಡರಾಯಿತು. ಡ್ರಮ್ಮು ಹೊರಗಿರುವಾಗ ಪೆಡಲನ್ನು ತುಳಿಯಲೇಕೂಡದು. ಪಿಸ್ಟನ್ನು ಹೊರಗೆ ಹಾರಿ ದ್ರವ ಚೆಲ್ಲೀತು.

ನಾಲ್ಕನೆಯ ತಡೆ ಹಳೆಯ ಡ್ರಮ್ಮಿನಲ್ಲೇ ಇರುವುದುಂಟು. ಷೂ ಉಜ್ಜಿದ ಕಡೆ ಡ್ರಮ್ಮು ಸವೆದು, ಉಜ್ಜದ ಅಂಚು ಏಣಿನಂತೆ ಉಳಿಯುತ್ತದೆ. ಹೊಸ ಷೂ ಆ ಏಣನ್ನು ದಾಟಲಾರದು. ಲೇತ್ ಯಂತ್ರದಲ್ಲಿ ಕಡೆಸಬಹುದು. ಆದರೆ ಡ್ರಮ್ಮಿನ ಮೇಲೆ ನಮೂದಿಸಿರುವ ಗರಿಷ್ಠ ವ್ಯಾಸವನ್ನು ಮೀರುವಂತಿದ್ದರೆ ಎರಡೂ ಕಡೆಯ ಡ್ರಮ್ಮುಗಳನ್ನು ಬದಲಾಯಿಸುವುದೇ ಲೇಸು. ಇಷ್ಟಾದರೂ ಕೂರದಿದ್ದರೆ ಅಂಗಡಿಯವರು ಕೊಟ್ಟ ಷೂ ಬೇರೆ ಅಳತೆಯದಾಗಿರಬಹುದು. ಹಳೆಯ ಷೂವನ್ನು ಪಕ್ಕದಲ್ಲಿಟ್ಟು ಅಗಲ, ಬಾಗು, ರಂಧ್ರಗಳನ್ನು ಹೋಲಿಸಿದರೆ ಇದು ಗೊತ್ತಾಗುತ್ತದೆ.

ಬಲವಂತದಿಂದ ಕೂರಿಸಿದರೆ ಏನಾಗುತ್ತದೆ? ಷೂ ಸದಾ ಉಜ್ಜುತ್ತ ಶಾಖ ಏರುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವ ಸೇರಿದಷ್ಟೂ ಅದು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಕುದಿದ ದ್ರವದ ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲು ನೆಲಕ್ಕೆ ಹೋದರೂ ಷೂ ಕದಲದು. ಇಳಿಜಾರಿನಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಬ್ರೇಕು ಕಾದಿರುವಾಗ ಅಂತರವನ್ನು ಹೊಂದಿಸುವುದೂ ಸಲ್ಲದು. ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದುದನ್ನು ಕಂಡವರಿಗೆ ಇದರ ಕಾರಣ ತಿಳಿದಿದೆ. 180 ಮಿಲಿಮೀಟರ್ ವ್ಯಾಸದ ಡ್ರಮ್ಮು 200 ಡಿಗ್ರಿಯಷ್ಟು ಕಾದರೆ ಅದರ ವ್ಯಾಸ ಸುಮಾರು 0.4 ಮಿಲಿಮೀಟರ್ ಹಿಗ್ಗುತ್ತದೆ. ಆಗ ಬಿಗಿಗೊಳಿಸಿದ ಷೂವನ್ನು ಆರಿದ ಡ್ರಮ್ಮು ಆ ಪಟ್ಟಿಯಂತೆಯೇ ಅಪ್ಪಿ ಹಿಡಿಯುತ್ತದೆ.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಕೊಳವೆಯಿಂದಾಗಲಿ ಊದಬಾರದು. ಹಳೆಯ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇದ್ದಿರಬಹುದು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ದಶಕಗಳ ಅನಂತರವೂ ಕ್ಯಾನ್ಸರು ತಲೆದೋರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಕ್ಷೇಮ. ಹಾಗೆಯೇ ಹೊಸ ಡ್ರಮ್ಮಿಗೆ ಬಳಿದಿರುವ ತುಕ್ಕುನಿರೋಧಕ ಎಣ್ಣೆಯನ್ನು ಪೂರ್ತಿಯಾಗಿ ತೊಡೆಯಬೇಕು; ಎಣ್ಣೆ ಹತ್ತಿದ ಲೈನಿಂಗು ಹಿಡಿಯುವುದಿಲ್ಲ.

ಸರಿಯಾಗಿ ಜೋಡಿಸಿದ ಡ್ರಮ್ಮು ಕೈಯಿಂದಲೇ ಕೂರುತ್ತದೆ. ಗಾಲಿಯನ್ನು ತಿರುಗಿಸಿದರೆ ತೀರ ಮೆಲ್ಲಗೆ ಉಜ್ಜಿದ ಸದ್ದು ಕೇಳಿಸಿದರೂ ಚಲನೆಗೆ ತಡೆಯಿರದು. ಮೊದಲು ಷೂಗಳ ಅಂತರ, ಬಳಿಕ ಹ್ಯಾಂಡ್‌ಬ್ರೇಕಿನ ಕೇಬಲ್ಲು: ಈ ಕ್ರಮವನ್ನು ಮೀರಬಾರದು. ಪೆಡಲನ್ನು ಹಲವು ಸಲ ತುಳಿದು, ಅದು ಗಟ್ಟಿಯಾಗಿ ನಿಂತ ಮೇಲೆ, ಸಮತಟ್ಟಾದ ನಿರ್ಜನ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು. ಆಮೇಲೆ ಬೆಟ್ಟದ ದಾರಿ ಹಿಡಿಯಬಹುದು.