ತಾಯಿಯೊಬ್ಬಳು ಬರೆದ ಪತ್ರ

ಬೆಂಗಳೂರಿನ ದಂಡು ಪ್ರದೇಶದ ಕ್ರೈಸ್ತ ಕುಟುಂಬಗಳಲ್ಲಿ ಹಿರಿಯ ಮಹಿಳೆಯೊಬ್ಬರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬರುವ ಶ್ರದ್ಧಾಂಜಲಿಯ ಒಕ್ಕಣೆ ಬಹುಮಟ್ಟಿಗೆ ಒಂದೇ: ದೈವಭಕ್ತೆ, ವಾತ್ಸಲ್ಯಮಯಿ ತಾಯಿ, ಮೊಮ್ಮಕ್ಕಳ ನೆಚ್ಚಿನ ಅಜ್ಜಿ, ಭಾನುವಾರದ ಪೂಜೆಯನ್ನು ಎಂದೂ ತಪ್ಪಿಸದವರು. ಈ ಮಾತುಗಳಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಇಡೀ ಬದುಕೊಂದು ಅವುಗಳ ಹಿಂದೆ ಮರೆಯಾಗಿಬಿಡುತ್ತದೆ. ಹಾಗೆ ಮರೆಯಾಗಬಾರದ ಹೆಸರುಗಳಲ್ಲಿ ಆಲಿಸ್ ಮಾರ್ಥಾ ಫರ್ನಾಂಡಿಸ್ ಅವರದೂ ಒಂದು.

ನಾಡು ಅವರನ್ನು ಬಲ್ಲದ್ದು ಜಾರ್ಜ್ ಫರ್ನಾಂಡಿಸ್ ಅವರ ತಾಯಿ ಎಂದು ಮಾತ್ರ. ಮಂಗಳೂರಿನ ಪಿಂಟೊ ಮನೆತನದ ಆಲಿಸ್, ಜಾನ್ ಜೋಸೆಫ್ ಫರ್ನಾಂಡಿಸ್ ಅವರ ಕೈಹಿಡಿದು ಆರು ಗಂಡುಮಕ್ಕಳನ್ನು ಹೆತ್ತು ಬೆಳೆಸಿದರು. 1930ರ ಜೂನ್ 3ರಂದು ಹಿರಿಯ ಮಗ ಹುಟ್ಟಿದಾಗ, ಅದೇ ತಾರೀಖಿನಂದು ಜನಿಸಿದ್ದ ದೊರೆ ಐದನೆಯ ಜಾರ್ಜ್ ಮೇಲಿನ ಅಭಿಮಾನದಿಂದ ಮಗುವಿಗೆ ಆ ಹೆಸರನ್ನೇ ಇಟ್ಟರು. ಮನೆ ಸಂಪ್ರದಾಯಸ್ಥ ಕೆಥೋಲಿಕರದು. ಸಂಜೆಯಾದೊಡನೆ ಮನೆಮಂದಿಯೆಲ್ಲ ಕೂಡಿ ತೇರ್ಸ್ ಪ್ರಾರ್ಥನೆ ಸಲ್ಲಿಸುವುದು, ಒಬ್ಬ ಮಗನನ್ನಾದರೂ ದೇವರ ಸೇವೆಗೆ ಒಪ್ಪಿಸುವ ಹಂಬಲ ಹೊತ್ತಿರುವುದು ಕರಾವಳಿಯ ಅಂಥ ಮನೆಗಳ ರೂಢಿ. ಹದಿನಾರರ ಜಾರ್ಜ್ 1946ರಲ್ಲಿ ಪಾದ್ರಿಯಾಗಲೆಂದು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿ ಸೇರಿದರು. ಬೋಧನೆಗೂ ಆಚರಣೆಗೂ ಅಂತರ ಕಂಡು ಎರಡೂವರೆ ವರ್ಷಗಳಲ್ಲಿ ಹೊರಬಂದರು. ಮುಂದೆ ಮುಂಬಯಿಯ ಕಾರ್ಮಿಕ ನಾಯಕರಾದರು.

ಕಾಲಕ್ರಮದಲ್ಲಿ ಕುಟುಂಬ ಬೆಂಗಳೂರಿನ ರಿಚ್ಮಂಡ್ ಟೌನ್‌ನಲ್ಲಿ ನೆಲೆಸಿತು. ಇನ್ನೊಬ್ಬ ಮಗ ಮೈಕೆಲ್, ಕೆ.ಆರ್. ಪುರಕ್ಕೆ ಸಮೀಪದ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘಟನೆಯ ಮುಂದಾಳು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾದಾಗ ಜಾರ್ಜ್ ಭೂಗತರಾದರು. ಮೈಕೆಲ್ ಸೆರೆಮನೆ ಸೇರಿದರು. ಜಾರ್ಜ್ ಅವರ ಪತ್ನಿ ಲೈಲಾ, 1974ರಲ್ಲಿ ಹುಟ್ಟಿದ್ದ ಮಗನನ್ನು ಎತ್ತಿಕೊಂಡು ಅಮೆರಿಕಕ್ಕೆ ತೆರಳಿದರು. ಹೀಗೆ ಅಜ್ಜಿಯ ಮಡಿಲಿಗೆ ಮೊಮ್ಮಗನೂ ಎಟುಕದಂತಾಯಿತು.

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ತನ್ನ ಇತಿಹಾಸದ ಕರಾಳ ತೀರ್ಪೊಂದನ್ನು ನೀಡಿತು. ತುರ್ತು ಪರಿಸ್ಥಿತಿಯಲ್ಲಿ ಬಂಧಿತನಾದವನಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ ನ್ಯಾಯ ಕೇಳುವ ಹಕ್ಕಿಲ್ಲವೆಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು, ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ದಾಖಲಿಸಿದರು. ಇದಾಗಿ ಮೂರೇ ದಿನಕ್ಕೆ, ಮೇ 1ರ ರಾತ್ರಿ, ಪೊಲೀಸರು ಲಾರೆನ್ಸ್ ಅವರನ್ನು ಮನೆಯಿಂದ ಕರೆದೊಯ್ದರು. ಅವರಿಂದ ಬೇಕಾಗಿದ್ದದ್ದು ಅಣ್ಣ ಜಾರ್ಜ್ ಅಡಗಿರುವ ಜಾಗದ ಸುಳಿವು. ಅದಕ್ಕಾಗಿ ಕೊಟ್ಟ ಚಿತ್ರಹಿಂಸೆ ಲಾರೆನ್ಸ್ ಅವರ ದೇಹವನ್ನು ಜರ್ಝರಿತಗೊಳಿಸಿತು.

ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ಪತ್ರಿಕೆಗಳ ಬಾಯಿಗೆ ಸೆನ್ಸಾರ್‌ಶಿಪ್‌ನ ಬೀಗ ಬಿದ್ದಿತ್ತು. ಆಗ ಆಲಿಸ್ ರಾಷ್ಟ್ರಪತಿಯವರಿಗೆ ಪತ್ರ ಬರೆದರು. ಮಗನನ್ನು ಹೇಗೆ ಕರೆದೊಯ್ದರು, ಹೇಗೆ ಹೊಡೆದರು, ಆತನ ಸ್ಥಿತಿ ಏನಾಗಿದೆ ಎಂಬುದನ್ನು ತಾಯಿ ಒಂದೊಂದಾಗಿ ವಿವರಿಸಿದ್ದರು. ಭೂಗತ ಸಾಹಿತ್ಯದ ಹಾದಿ ಹಿಡಿದು ಆ ಪತ್ರ ಹೊರಜಗತ್ತನ್ನು ತಲುಪಿತು. ಎಲ್ಲವೂ ಶಾಂತವಾಗಿದೆ ಎನ್ನುತ್ತಿದ್ದ ಸರ್ಕಾರದ ಮಾತಿಗೆ ಎದುರಾಗಿ ನಿಂತದ್ದು ಒಬ್ಬ ಗೃಹಿಣಿಯ ಸಾಕ್ಷ್ಯ.

ಅಂದಿನ ದಿನಗಳಲ್ಲಿ ಹೀಗೆ ಸಹಿ ಹಾಕುವುದೆಂದರೆ ಉಳಿದ ಮಕ್ಕಳನ್ನೂ ಅಪಾಯಕ್ಕೆ ಒಡ್ಡಿದಂತೆ. ಲಾರೆನ್ಸ್ ಅವರ ಮರುದಿನವೇ ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅಸುನೀಗಿದ್ದನ್ನು ನೆನೆದರೆ ಆ ಭಯ ಹುಸಿಯಲ್ಲವೆಂದು ತಿಳಿಯುತ್ತದೆ.

ಭಕ್ತಿಯೆಂದರೆ ತಲೆಬಾಗುವುದೆಂದೇ ನಾವು ಅರ್ಥೈಸುತ್ತೇವೆ. ದಿನಕ್ಕೆರಡು ಬಾರಿ ಮೊಣಕಾಲೂರುವವಳು ಅಧಿಕಾರದ ಮುಂದೆಯೂ ಹಾಗೆಯೇ ಬಾಗಿಯಾಳೆಂದು ಊಹಿಸುತ್ತೇವೆ. ದೇವರ ಮುಂದೆ ಬಾಗಿದ ತಲೆ ಬೇರೆಲ್ಲೂ ಬಾಗಬೇಕಿಲ್ಲ ಎಂಬ ಅರ್ಥವೂ ಭಕ್ತಿಗೆ ಉಂಟು. ಶಿಲುಬೆಯ ಬುಡದಲ್ಲಿ ನಿಂತ ತಾಯಿಯನ್ನು ಪ್ರತಿ ಶುಭ ಶುಕ್ರವಾರ ಧ್ಯಾನಿಸುವ ಪರಂಪರೆಯಲ್ಲಿ ಬೆಳೆದವರಿಗೆ, ಮಗನ ಯಾತನೆಗೆ ಸಾಕ್ಷಿಯಾಗಿ ನಿಲ್ಲುವುದೆಂದರೇನೆಂದು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಮುಂದಿನದು ಚರಿತ್ರೆ. 1976ರ ಜೂನ್ 10ರಂದು ಜಾರ್ಜ್ ಸೆರೆಸಿಕ್ಕರು. ಸೆಮಿನರಿ ತೊರೆದ ಆ ಮಗ ಸಿಕ್ಕಿಬಿದ್ದದ್ದು ಕಲ್ಕತ್ತಾದ ಸೇಂಟ್ ಪಾಲ್ಸ್ ಕೆಥೆಡ್ರಲ್ ಆವರಣದಲ್ಲಿ. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರದಿಂದ ಲೋಕಸಭೆಗೆ ಆರಿಸಿಬಂದರು. ಏಪ್ರಿಲ್ 28ರ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ. ನ್ಯಾಯಾಲಯಕ್ಕೆ ಈ ಮಾತು ಹೇಳಲು ನಲವತ್ತೊಂದು ವರ್ಷ ಬೇಕಾಯಿತು. ತಾಯಿಗೆ ಕೆಲವು ವಾರಗಳೇ ಸಾಕಾಗಿದ್ದವು.

ತುರ್ತು ಪರಿಸ್ಥಿತಿಗೆ 2025ರಲ್ಲಿ ಅರ್ಧಶತಮಾನ ತುಂಬಿತು. ಅಂದಿನ ಕೇಂದ್ರ ಕಾರಾಗೃಹದ ಜಾಗ ಈಗ ಫ್ರೀಡಂ ಪಾರ್ಕ್. ಪ್ರಜೆಗಳು ತಮ್ಮ ಅಹವಾಲು ಹೊತ್ತು ಅಲ್ಲಿಗೇ ಬರುತ್ತಾರೆ. ಸೆರೆವಾಸ ಅನುಭವಿಸಿದವರ ಪಟ್ಟಿ ನಮ್ಮಲ್ಲಿದೆ. ಅವರಿಗಾಗಿ ಹೊರಗೆ ಕಾದವರ, ಅರ್ಜಿ ಬರೆದವರ, ಬುತ್ತಿ ಹೊತ್ತವರ ಪಟ್ಟಿ ಯಾರ ಬಳಿಯೂ ಇಲ್ಲ. ದೈವಭಕ್ತೆ, ತಾಯಿ, ಅಜ್ಜಿ ಎಂಬ ಮೂರು ಪದಗಳ ಪಕ್ಕದಲ್ಲಿ ಆಕೆ ಏನು ಮಾಡಿದಳೆಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡುವುದು ಉಳಿದವರ ಹೊಣೆ.